ತಾಳಿ ಎಂದರೆ ಹಗ್ಗ

ನಾನು ಒಂದು ದೋಣಿಯ ಯಜಮಾನಿ. ನಗಬೇಡಿ. ಮೈಸೂರಿನಲ್ಲಿ ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು, ಕೆರೆಯನ್ನು ಏರಿಯ ಮೇಲೆ ನಿಂತು ನೋಡಿದ್ದು ಬಿಟ್ಟರೆ ನೀರಿನ ಸಹವಾಸ ಇಲ್ಲದವಳು. ಅಂಥವಳಿಗೆ ಮಲೇಷಿಯಾದ ಕಾಲುವೆಯಲ್ಲಿ ಸ್ವಂತ ದೋಣಿ! ಅದೂ ಎಂಥ ದೋಣಿ. ಉದ್ದಕ್ಕೆ ರೈಲು ಡಬ್ಬಿ, ಅಗಲಕ್ಕೆ ನಮ್ಮ ಹಳೇ ಮನೆಯ ಬಚ್ಚಲು. ಒಬ್ಬರು ಎದುರಿಗೆ ಬಂದರೆ ಇನ್ನೊಬ್ಬರು ಹೊಟ್ಟೆ ಎಳೆದುಕೊಂಡು ಗೋಡೆಗೆ ಅಂಟಿಕೊಳ್ಳಬೇಕು. ಹಿಂದೆ ಯಾವುದೋ ತೋಟದವರು ಅದರಲ್ಲಿ ತೆಂಗಿನಕಾಯಿ ಸಾಗಿಸುತ್ತಿದ್ದರಂತೆ. ಆ ಮುಗ್ಗಿದ ಕೊಬ್ಬರಿಯ ವಾಸನೆ, ನಾನು ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗಲಿಲ್ಲ. ದುಡ್ಡು ಕೊಟ್ಟು ವಾಸನೆ ತಂದುಕೊಂಡವರು ನಾವೊಬ್ಬರೇ ಇರಬೇಕು.

ತಂದವರು ನಮ್ಮ ಅಳಿಯಂದಿರು. ಸೈಬರ್‌ಜಯಾದಲ್ಲಿ ಕಂಪ್ಯೂಟರ್ ಕೆಲಸ, ಮಾಂಟ್ ಕಿಯಾರಾದಲ್ಲಿ ಆಕಾಶದ ಹತ್ತಿರ ಒಂದು ಫ್ಲಾಟು. ನಾನು ಮಗಳ ಮನೆಗೆ ಬೇಸಿಗೆ ಕಳೆಯಲು ಬಂದೆ, ಕೊರೋನಾ ನನ್ನ ಹಿಂದೆಯೇ ಬಂತು. ವಿಮಾನ ನಿಂತಿತು. ಮೈಸೂರಿನಲ್ಲಿ ನಮ್ಮ ಯಜಮಾನರು ಹಿರೀಮಗನ ಮನೆಯಲ್ಲಿ ಸೊಸೆಯ ಕೈಯಡುಗೆ ತಿಂದು ದುಂಡಗಾದರು. ನಾನಿಲ್ಲಿ ಬಾಲ್ಕನಿಯಲ್ಲಿ ನಿಂತು ಕೆಳಗಿನ ಖಾಲಿ ಈಜುಕೊಳ ನೋಡುತ್ತಾ ಉಳಿದೆ. ನನಗೇನೂ ದುಃಖವಿರಲಿಲ್ಲ. ಯಾಕೆಂದರೆ ಅದೇ ಫ್ಲಾಟಿನಲ್ಲಿ ನನ್ನ ಮೊಮ್ಮಗಳಿದ್ದಳು. ನಾನು ಬಂದಾಗ ಐದು ವರ್ಷ, ದೋಣಿ ಬರುವ ಹೊತ್ತಿಗೆ ಏಳು. ಎರಡು ಜಡೆ, ಮುಂದಿನ ಹಲ್ಲು ಬಿದ್ದ ಬಾಯಿ. ಆ ಮುಖವನ್ನು ಬೆಳಿಗ್ಗೆ ಎದ್ದ ಕೂಡಲೇ ನೋಡಲು ಸಿಕ್ಕರೆ ಯಾವ ರೋಗ ಬಂದರೂ ಬರಲಿ ಎನ್ನಿಸುವಂಥ ಮುಖ.

ಒಂದೇ ಕೊರತೆ. ಅವಳು ನನ್ನ ಜೊತೆ ಮಾತಾಡುತ್ತಿರಲಿಲ್ಲ. ಸಿಟ್ಟಲ್ಲ, ನಾಚಿಕೆಯೂ ಅಲ್ಲ. ನಾನು ಹೇಳುವ ಕನ್ನಡವೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನಗೆ ಆ ಭಾಷೆಯಲ್ಲಿ ಬರುವುದು ಬಸ್ಸು, ಲೈಟು, ಥ್ಯಾಂಕ್ಸು. ಹಾಗಾಗಿ ನಡುವೆ ಮಗಳು ದುಬಾಷಿ. "ಮೊಸರನ್ನ ತಿಂತಾಳಾ ಕೇಳೇ." "ಮಲಗ್ತಾಳಾ ಕೇಳೇ." "ಜಡೆ ಹಾಕಿಸ್ಕೋತಾಳಾ ಕೇಳೇ." ಎದುರಿಗೇ ಕೂತ ಮಗುವನ್ನು ಪಕ್ಕದ ಊರಿನಲ್ಲಿ ಇರುವವಳ ಹಾಗೆ ವಿಚಾರಿಸಬೇಕು. ವಿಮಾನ ಮತ್ತೆ ಹಾರುವುದರೊಳಗೆ ಅವಳು ಒಂದು ಸಲ, ಒಂದೇ ಸಲ, ನನ್ನ ಮುಖ ನೋಡಿ ನೇರವಾಗಿ ಕನ್ನಡದಲ್ಲಿ ಮಾತಾಡಲಿ ಎಂದು ದೇವರಿಗೆ ತುಪ್ಪದ ದೀಪ ಹರಸಿಕೊಂಡಿದ್ದೆ.

ಅಳಿಯಂದಿರ ಹರಕೆ ಬೇರೆ. ಅವರು ಮನೆಯೊಳಗೇ ಆಫೀಸು ಮಾಡುತ್ತಾ, ಮಧ್ಯೆ ಮೊಬೈಲಿನಲ್ಲಿ ಬಿಳಿಯರು ಇಂಗ್ಲೆಂಡಿನ ಕಾಲುವೆಗಳಲ್ಲಿ ಉದ್ದನೆಯ ಬಣ್ಣದ ದೋಣಿ ನಡೆಸುವ ವಿಡಿಯೋ ನೋಡುತ್ತಿದ್ದರು. ದೋಣಿಯ ಮೇಲೆ ಹೂವಿನ ಕುಂಡ, ನಾಯಿ, ಚಹಾ. ದೋಣಿ ನಮ್ಮೂರ ಎಮ್ಮೆಗಿಂತ ನಿಧಾನ.

"ನೋಡಿ ಅತ್ತೆ, ಎಷ್ಟು ಪೀಸ್‌ಫುಲ್ ಲೈಫು."

"ಕೆಲಸವಿಲ್ಲದವರ ಲೈಫು ಯಾವಾಗಲೂ ಪೀಸ್‌ಫುಲ್ಲೇ ಅಳಿಯಂದಿರೇ," ಎಂದೆ.

ಅವರಿಗೆ ನಾಟಲಿಲ್ಲ. ಜಿಲ್ಲೆ ದಾಟಬಹುದು ಎಂದು ಸರ್ಕಾರ ಹೇಳಿದ್ದೇ ತಡ, ನಮ್ಮನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ಸಮುದ್ರದ ಕಡೆ ಹೊರಟರು. ಎಣ್ಣೆತಾಳೆ ತೋಟಗಳ ನಡುವೆ ಅಗೆದ ಕಾಲುವೆಗಳು, ಚಹಾ ಬಣ್ಣದ ನೀರು, ಎರಡೂ ಕಡೆ ಕೆಸರು. ಇದಂತೆ ಇಂಗ್ಲೆಂಡು! ದೋಣಿ ಮಾರುವವನು ತಮಿಳಿನವನು, ಬಾಯ್ತುಂಬ ನಗು. ಗಂಡ ಹೆಂಡಿರು ಬೇಕು ಬೇಡ ಎಂದು ಜಗಳವಾಡುತ್ತಿದ್ದುದನ್ನು ನೋಡಿ, ಬೇಸತ್ತು, ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟ.

"ಪಾಟಿ, ಇನಿಮೇ ನೀಂಗದಾನ್ ಮೊದಲಾಳಿ!"

ಅಜ್ಜಿ, ಇನ್ನು ಮೇಲೆ ನೀವೇ ಯಜಮಾನಿ ಎಂದು. ಅಷ್ಟು ತಮಿಳು ನನಗೆ ತಿಳಿಯುತ್ತದೆ. ಅಲ್ಲಿಂದ ಅದು ಅಜ್ಜಿ ದೋಣಿ. ಮೊಮ್ಮಗಳು ಕೈ ತಟ್ಟಿ "ಅಜ್ಜೀಸ್ ಬೋಟ್! ಅಜ್ಜೀಸ್ ಬೋಟ್!" ಎಂದು ಕುಣಿದಳು. ಆ ಕುಣಿತಕ್ಕೆ ನಾನು ಬೀಗದ ಕೈ ವಾಪಸು ಕೊಡಲಿಲ್ಲ, ಅಷ್ಟೆ.

ಯಜಮಾನಿ ಅಂದಮೇಲೆ ಪೂಜೆ ಮಾಡದೆ ಇರಲಾದೀತೆ? ಅರಿಶಿನ ಕುಂಕುಮ ಹಚ್ಚಿ, ಮೂತಿಗೆ ಹೂವಿನ ಹಾರ ಹಾಕಿ, ಕಾಯಿ ಒಡೆದೆ. ಆಮೇಲೆ ನಿಂಬೆಹಣ್ಣು ಹಿಡಿದು ನಿಂತವಳು ನಿಂತೇ ಇದ್ದೆ.

"ಯಾಕತ್ತೆ?"

"ಚಕ್ರ ಎಲ್ಲಿದೆ?"

ಅಳಿಯಂದಿರೂ ಬಗ್ಗಿ ನೋಡಿದರು. ಕಂಪ್ಯೂಟರ್ ಓದಿದ ತಲೆ, ದೋಣಿಗೆ ಚಕ್ರವಿಲ್ಲ ಎಂದು ಅವರಿಗೂ ಆಗಲೇ ಹೊಳೆದದ್ದು. ಕೊನೆಗೆ ಹಣ್ಣನ್ನು ದೋಣಿಯ ಮುಂದೆ ನೀರಿಗೆ ಬಿಟ್ಟೆವು, ಮೇಲೆ ಹತ್ತಿಸಿ ಜಜ್ಜಲಿ ಎಂದು. ಇಂಜಿನ್ ಗುಟುರು ಹಾಕಿ ದೋಣಿ ಹೊರಟಿತು. ನಿಂಬೆಹಣ್ಣು ಜಜ್ಜಲಿಲ್ಲ. ಆರಾಮಾಗಿ ಮುಂದೆ ಮುಂದೆ ತೇಲಿಕೊಂಡು ಹೋಯಿತು. ಒಂದು ನಿಂಬೆಹಣ್ಣನ್ನು ಹಿಡಿಯಲಾಗದ ವಾಹನವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆ ಮೊದಲ ಸವಾರಿಯನ್ನು ಏನೆಂದು ಹೇಳಲಿ. ಅಳಿಯಂದಿರು ತಲೆಗೆ ಬಿಳಿ ಟೊಪ್ಪಿಗೆ ಹಾಕಿ ಹಿಂದೆ ಚುಕ್ಕಾಣಿ ಹಿಡಿದು ನಿಂತಿದ್ದರು. ಆ ಟೊಪ್ಪಿಗೆ ನೋಡಿದರೆ ಹಡಗಿನ ಕಪ್ತಾನ, ದೋಣಿ ಹೋಗುವ ದಾರಿ ನೋಡಿದರೆ ಕುಡುಕ. ಚುಕ್ಕಾಣಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದಂತೆ. ಈ ವಿಷಯ ಅವರಿಗೆ ಪ್ರತಿ ತಿರುವಿನಲ್ಲೂ ಹೊಸದು. ದಡದ ಗರಿಗಳೆಲ್ಲ ಕಿಟಕಿಯಿಂದ ಒಳಗೆ ಬಂದು ನಮ್ಮ ಮುಖ ಸವರಿ ಹೋದವು. ಸುತ್ತ ಮನುಷ್ಯರ ಸುಳಿವಿಲ್ಲ, ಆದರೂ ಎಲ್ಲರ ಮೂತಿಗೂ ಮಾಸ್ಕು. "ರೂಲ್ಸ್ ಅತ್ತೆ." ಸೊಳ್ಳೆಗಳಿಗೆ ಯಾವ ರೂಲ್ಸೂ ಇರಲಿಲ್ಲ. ಶೌಚಕ್ಕೆ ಒಂದು ಪರದೆ, ಪರದೆಯ ಹಿಂದೆ ಒಂದು ಬಕೆಟ್ಟು. ಮಾಂಟ್ ಕಿಯಾರಾದಲ್ಲಿ ಪ್ರತಿ ರೂಮಿಗೊಂದು ಫಳಫಳ ಬಾತ್‌ರೂಮು ಬಿಟ್ಟು ಬಂದು ಬಕೆಟ್ಟಿನ ಮೇಲೆ ಕೂರುವುದಕ್ಕೆ ಸಿಂಪಲ್ ಲಿವಿಂಗ್ ಎಂದು ಹೆಸರು. ನಮ್ಮಜ್ಜಿಯ ಕಾಲದಲ್ಲಿ ಅದಕ್ಕೆ ಬಡತನ ಎನ್ನುತ್ತಿದ್ದರು, ಯಾರೂ ಫೋಟೋ ತೆಗೆಯುತ್ತಿರಲಿಲ್ಲ.

ಆದರೂ ಮೊಮ್ಮಗಳು! ಒಂದೂವರೆ ವರ್ಷ ಲ್ಯಾಪ್‌ಟಾಪಿನ ಮುಂದೆ ಕೂತು ಬಿಳುಚಿಕೊಂಡಿದ್ದ ಮಗು ಛಾವಣಿಯ ಅಂಚಿನಲ್ಲಿ ಕಾಲಾಡಿಸುತ್ತಾ, ಮಿಂಚುಳ್ಳಿ ಹಕ್ಕಿಗೆ, ಉಡಕ್ಕೆ, ಕೆಸರಿನ ಏಡಿಗೆ ಒಂದೊಂದಾಗಿ ಹಲೋ ಹೇಳುತ್ತಿತ್ತು. ಏಡಿಯ ಜೊತೆಯೂ ಇಂಗ್ಲಿಷು. ಏಡಿಗೂ ನನ್ನಷ್ಟೇ ತಿಳಿದಿರಬೇಕು. ಆದರೂ ನನ್ನ ಎದೆ ಉಬ್ಬಿ ಬಂದು, ಚಿತ್ರಾನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ.

ಊಟದ ಹೊತ್ತಿಗೆ ದೋಣಿ ಕಟ್ಟುವ ಕಟ್ಟೆ ಬಂತು. ಮರದ ಹಲಗೆಯ ಕಟ್ಟೆ, ಅದನ್ನು ನೋಡಿಕೊಳ್ಳುವ ಮಲಯ್ ಮನುಷ್ಯ. ಎಲ್ಲರೂ ಅವನನ್ನು ಪಾಕ್ ಚಿಕ್ ಎನ್ನುತ್ತಿದ್ದರು, ಚಿಕ್ಕಪ್ಪ ಎಂದ ಹಾಗೆ. ನಾನು ದೋಣಿಯ ಮೂತಿಯಲ್ಲಿ ಹಗ್ಗದ ಸುರುಳಿ ಹಿಡಿದು ನಿಂತಿದ್ದೆ. ಯಜಮಾನಿಗೆ ಅಳಿಯಂದಿರು ವಹಿಸಿದ ಕೆಲಸ ಅದು. ಪಾಕ್ ಚಿಕ್ ಎರಡೂ ಕೈ ಚಾಚಿ ಕೂಗಿದ:

"ತಾಲಿ! ತಾಲಿ!"

ನನಗೆ ಸಂತೋಷವಾಗಿ ಹೋಯಿತು. ನಮ್ಮವರು ಇಷ್ಟು ಜನ ಈ ದೇಶದಲ್ಲಿದ್ದಾರೆ, ಯಾರೋ ಪುಣ್ಯಾತ್ಮರು ಕಲಿಸಿರಬೇಕು. ತಾಳಿ ಎನ್ನುತ್ತಿದ್ದಾನೆ, ಅದೂ ಬಹುವಚನದಲ್ಲಿ, ಮರ್ಯಾದೆಯಾಗಿ. ಪರದೇಶದವರ ನಾಲಿಗೆಗೆ ನಮ್ಮ ಳಕಾರ ಹೊರಳುವುದಿಲ್ಲ, ಪಾಪ, ಎಂದು ಅದನ್ನೂ ಕ್ಷಮಿಸಿದೆ. ತಿರುಗಿ ಅಳಿಯಂದಿರಿಗೆ ಹೇಳಿದೆ:

"ತಾಳಿ ಅಂತಿದ್ದಾರೆ. ಸ್ವಲ್ಪ ತಾಳಿ."

ಅಳಿಯಂದಿರು ಇಂಜಿನ್ ನಿಲ್ಲಿಸಿದರು. ನಾನು ತಾಳಿದೆ. ಪಾಕ್ ಚಿಕ್ ಇನ್ನೂ ಜೋರಾಗಿ "ತಾಲಿ! ತಾಲಿ!" ಎಂದ. ನಾನು ತಲೆಯಾಡಿಸಿ ಮುಗುಳ್ನಕ್ಕು ಇನ್ನೂ ತಾಳಿದೆ. ಅವನು ಕೈ ಬೀಸಿ ಕುಣಿದ. ತಾಳ್ಮೆ ಹೇಳುವವನಿಗೇ ತಾಳ್ಮೆ ಇಲ್ಲವಲ್ಲ ಎಂದುಕೊಂಡೆ. ಅಷ್ಟರಲ್ಲಿ ಸಮುದ್ರದ ಇಳಿತಕ್ಕೆ ಕಾಲುವೆಯ ನೀರು ಹಿಂದೆ ಸರಿಯುತ್ತಿತ್ತು. ಅದರ ಜೊತೆ ದೋಣಿಯೂ ಸರಿಯಿತು. ಅಡ್ಡಲಾಗಿ ತಿರುಗಿ, ಆಚೆ ದಡದ ಕೆಸರಿಗೆ ಹೋಗಿ, ನಮ್ಮೂರ ಎಮ್ಮೆ ಕೂತ ಹಾಗೆ ಉಸ್ಸೆಂದು ಕೂತಿತು.

ಮೊಮ್ಮಗಳು ಹೊಟ್ಟೆ ಹಿಡಿದು ಉರುಳಾಡಿ ನಗುತ್ತಿದ್ದಳು. ಅವಳ ಸ್ಕೂಲಿನಲ್ಲಿ ಮಲಯ್ ಕಲಿಸುತ್ತಾರೆ. "ಅಜ್ಜಿ, ತಾಲಿ ಈಸ್ ರೋಪ್ ಲಾ!" ಎಂದಳು, ಈ ದೇಶದವರ ಹಾಗೆ ಕೊನೆಗೊಂದು ಲಾ ಸೇರಿಸಿ. ಮಗಳೂ ನಗು ತಡೆದುಕೊಂಡು ದುಬಾಷಿ ಕೆಲಸ ಮಾಡಿದಳು.

"ಅಮ್ಮಾ, ಇವರ ಭಾಷೇಲಿ ತಾಲಿ ಅಂದ್ರೆ ಹಗ್ಗ. ನೀನು ಹಿಡ್ಕೊಂಡಿದ್ಯಲ್ಲ, ಅದನ್ನ ಎಸೀರಿ ಅಂತ ಅವನು ಬಡ್ಕೋತಿದ್ದ."

ಅಳಿಯಂದಿರು ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಳ್ಳುತ್ತಾ, "ತಾಳಿ ಅಂದ್ರೆ ಹಗ್ಗವಂತೆ ಅತ್ತೆ," ಎಂದರು.

ನಾನು ಕೊರಳಲ್ಲಿದ್ದದ್ದನ್ನು ಎತ್ತಿ ತೋರಿಸಿದೆ. "ಇದು ನನಗೆ ಮದುವೆ ದಿನವೇ ಗೊತ್ತಾಗಿದೆ ಅಳಿಯಂದಿರೇ. ಹೊಸದೇನಾದರೂ ಇದ್ದರೆ ಹೇಳಿ."

ನೀರು ಮತ್ತೆ ಏರುವವರೆಗೂ ದೋಣಿ ಅಲುಗುವಂತಿರಲಿಲ್ಲ. ಪಾಕ್ ಚಿಕ್ ನಮ್ಮ ಕಡೆ ಒಮ್ಮೆ ನೋಡಿ, ತಲೆ ಚಚ್ಚಿಕೊಂಡು, ಚಹಾ ಕುಡಿಯಲು ಹೋದ. ಓರೆಯಾಗಿ ಕೂತ ದೋಣಿಯಲ್ಲಿ ತಟ್ಟೆ ನಿಲ್ಲದೆ ಚಿತ್ರಾನ್ನವನ್ನು ಮಡಿಲಲ್ಲಿ ಇಟ್ಟುಕೊಂಡು ತಿಂದೆವು. ಆಮೇಲೆ ನಾನು ಮೊಮ್ಮಗಳನ್ನು ಕೂರಿಸಿಕೊಂಡು ಹೇಳಿದೆ: ಇದು ತಾಳಿ, ಕೊರಳಿನದು. ಕಾಯಿರಿ ಅನ್ನಬೇಕಾದರೆ ಅದೂ ತಾಳಿ. ಅವಳ ಕಣ್ಣು ಅರಳಿತು. ಕೊರಳು ಮುಟ್ಟಿ "ತಾಲಿ", ಅಂಗೈ ತೋರಿಸಿ ನಿಲ್ಲಿಸುವ ಹಾಗೆ "ತಾಲಿ", ಹಗ್ಗ ಎತ್ತಿ "ತಾಲಿ" ಎಂದು ಆಟವಾಡಿದಳು. ನಾನು "ಳ, ಳ" ಎಂದು ನಾಲಿಗೆ ಮಡಿಸಿ ತೋರಿಸಿದೆ. ಅವಳ ಬಿದ್ದ ಹಲ್ಲಿನ ಸಂದಿಯಿಂದ ಗಾಳಿ ಬಂತು, ಳಕಾರ ಬರಲಿಲ್ಲ. ಒಂದು ಮಾತು ಸಿಕ್ಕಿತು, ಸರಿ. ಆದರೆ ಅದು ಆಟ. ನನ್ನ ಜೊತೆ ಆಡಿದ ಮಾತಲ್ಲ.

ಅಲ್ಲಿಂದ ವಾರ ವಾರವೂ ಆ ದರಿದ್ರ ದೋಣಿ. ಹಗ್ಗದ ಕೆಲಸ ನನ್ನಿಂದ ಕಿತ್ತು ಮೊಮ್ಮಗಳಿಗೆ ಕೊಟ್ಟರು. ಅಳಿಯಂದಿರ ಆಫೀಸಿನ ಸ್ನೇಹಿತರು ಬಂದು, ಬೋಟ್ ಸೂಪರ್ ಎಂದು, ಫೋಟೋ ತೆಗೆಸಿಕೊಂಡು, ನನ್ನ ಕೋಡುಬಳೆ ಡಬ್ಬಿ ಖಾಲಿ ಮಾಡಿ, ಬಕೆಟ್ಟು ಕಂಡ ಕೂಡಲೇ ಹೊರಟು ಹೋಗುತ್ತಿದ್ದರು. ಅಷ್ಟೇ ಅವರ ಸಿಂಪಲ್ ಲಿವಿಂಗು.

ಒಂದು ದಿನ ವಿಮಾನ ಬಿಟ್ಟರು. ಮಗಳು ಟಿಕೆಟ್ ತೆಗೆದಳು. ಹೊರಡುವ ಮುಂಚಿನ ಭಾನುವಾರ ಕೊನೆಯ ಸವಾರಿ ಎಂದು ಮತ್ತೆ ಕಾಲುವೆಗೆ ಹೋದೆವು. ಮೊಮ್ಮಗಳು ದಾರಿಯುದ್ದಕ್ಕೂ ಒಂದು ಏಡಿಗೂ ಹಲೋ ಹೇಳಲಿಲ್ಲ. ನಾನು ಮಗಳನ್ನು ಕೇಳಿದೆ, "ಅಜ್ಜಿ ಜೊತೆ ಮೈಸೂರಿಗೆ ಬರ್ತಾಳಾ ಕೇಳೇ." ಮಗಳು, "ಸ್ಕೂಲ್ ಇದೆಯಲ್ಲಮ್ಮ," ಎಂದಳೇ ಹೊರತು ಅವಳನ್ನು ಕೇಳಲೇ ಇಲ್ಲ.

ಅದೇ ಕಟ್ಟೆ ಬಂತು. ಅಳಿಯಂದಿರು ಎಂದೂ ಇಲ್ಲದ ಹಾಗೆ ದೋಣಿಯನ್ನು ಕಟ್ಟೆಗೆ ಒರಗಿಸಿಬಿಟ್ಟರು. ಆ ಸುಖಕ್ಕೆ ನಾನು ಹಗ್ಗ ಕಟ್ಟುವುದನ್ನೂ ಕಾಯದೆ, ಊಟದ ಡಬ್ಬಿ ಹಿಡಿದು, ಸೀರೆ ಎತ್ತಿ ಕಟ್ಟೆಯ ಮೇಲೆ ಕಾಲಿಟ್ಟೆ. ಇನ್ನು ಈ ಕೊಬ್ಬರಿ ಪೆಟ್ಟಿಗೆಯ ಮುಖ ನೋಡುವುದಿಲ್ಲ ಎಂದು ನಾಲ್ಕು ಹೆಜ್ಜೆ ಬಿರಬಿರನೆ ಇಟ್ಟೆ.

"ಅಜ್ಜೀ! ತಾಳಿ! ತಾಳಿ!"

ಳಕಾರ. ತುಂಬಿದ ಳಕಾರ. ತಿರುಗಿದೆ. ದೋಣಿಯ ಮೂತಿಯಲ್ಲಿ ಹಗ್ಗ ಹಿಡಿದು ನಿಂತ ಮಗು, ಮಾಸ್ಕು ಗಲ್ಲಕ್ಕೆ ಜಾರಿ, ಮುಖವೆಲ್ಲ ಕೆಂಪಾಗಿ, ನನ್ನನ್ನೇ ನೋಡಿ ಕೂಗುತ್ತಿತ್ತು:

"ಹೋಗ್ಬೇಡ! ನಾನೂ ಬರ್ತಾಳೆ! ಅಜ್ಜಿ, ನಾನೂ ಬರ್ತಾಳೆ!"

ಬರ್ತಾಳೆ! ತಿಂತಾಳಾ, ಮಲಗ್ತಾಳಾ, ಬರ್ತಾಳಾ ಎಂದು ನಾನು ಎರಡು ವರ್ಷ ಅವಳ ಎದುರಿಗೇ ಕೇಳಿದ್ದನ್ನೆಲ್ಲ ಮಗು ಕಟ್ಟಿಟ್ಟುಕೊಂಡಿತ್ತು. ತನ್ನ ಬಗ್ಗೆ ಹೇಳುವುದು ಹಾಗೇ ಎಂದು ತಿಳಿದಿತ್ತು. ನನ್ನ ಕೈಯ ಡಬ್ಬಿ ಎಲ್ಲಿ ಬಿತ್ತೋ.

ಇತ್ತ ಪಾಕ್ ಚಿಕ್ "ತಾಳಿ" ಕೇಳಿದ್ದೇ ಎರಡೂ ಕೈ ಚಾಚಿ ಹಗ್ಗಕ್ಕೆ ಸಿದ್ಧನಾಗಿ ನಿಂತಿದ್ದ. ಹಗ್ಗ ಬರಲಿಲ್ಲ. ಮೊಮ್ಮಗಳು ಅಳುವುದರಲ್ಲಿದ್ದಳು, ನಾನು ಕಣ್ಣೊರೆಸುವುದರಲ್ಲಿದ್ದೆ, ಅಳಿಯಂದಿರು ಇಂಜಿನ್ ನಿಲ್ಲಿಸಿ ಬಾಯಿ ತೆರೆದು ನಿಂತಿದ್ದರು. "ಮಾನಾ ತಾಲಿ?" ಹಗ್ಗ ಎಲ್ಲಿ ಎಂದು ಪಾಕ್ ಚಿಕ್ ಕೂಗುವಷ್ಟರಲ್ಲಿ ದೋಣಿ ಮೆಲ್ಲಗೆ ತಿರುಗಿ, ಆಚೆ ದಡಕ್ಕೆ ಹೋಗಿ, ತನ್ನ ಹಳೇ ಕೆಸರಿನಲ್ಲಿ ಉಸ್ಸೆಂದು ಕೂತಿತು.

ಈ ಕಡೆ ಕಟ್ಟೆಯ ಮೇಲೆ ನಾನು, ಆ ಕಡೆ ಕೆಸರಿನಲ್ಲಿ ಅವಳು. ನಡುವೆ ಚಹಾ ಬಣ್ಣದ ನೀರು. ಮಗಳು ದೋಣಿಯ ಒಳಗಿಂದ ಏನೋ ಹೇಳಲು ಬಾಯಿ ತೆರೆದಳು.

"ನೀನು ಸುಮ್ನಿರೇ," ಎಂದು ಕೂಗಿದೆ. "ನಿನ್ನ ಕೆಲಸ ಮುಗೀತು."

ಮೊಮ್ಮಗಳು ಮೂಗು ಒರೆಸಿಕೊಂಡು, ಬಾಯಿಗೆ ಎರಡೂ ಕೈ ಅಡ್ಡ ಇಟ್ಟು ಕೇಳಿದಳು:

"ಅಜ್ಜಿ ಏನು ಮಾಡ್ತಾಳೆ?"

"ಅಜ್ಜಿ ಕೂತ್ಕೋತಾಳೆ," ಎಂದು ಹಲಗೆಯ ಮೇಲೆ ಕೂತೆ. ತಿದ್ದಲಿಲ್ಲ. ತಿದ್ದಲು ನಾನೇನು ಮೇಷ್ಟ್ರೇ?

"ಅಜ್ಜಿ ಮೈಸೂರು ಹೋಗ್ತಾಳಾ?"

"ಹೋಗ್ತಾಳೆ ಕಂದಾ."

"ಮತ್ತೆ ಬರ್ತಾಳಾ?"

"ಬರ್ತಾಳೆ. ದೋಣಿ ಯಾರದ್ದು? ಅವಳದ್ದೇ ಅಲ್ವಾ? ಬರದೆ ಏನು ಮಾಡ್ತಾಳೆ!"

ಮಧ್ಯಾಹ್ನವೆಲ್ಲ ಹಾಗೇ ಕೂಗಾಡಿದೆವು. ಅವಳಿಗೆ ಯಾವ ಸ್ನೇಹಿತೆ ಇಷ್ಟ, ಸ್ಕೂಲಿನಲ್ಲಿ ಯಾರು ಕಚ್ಚುತ್ತಾರೆ, ನನ್ನ ಸಾರಿನಲ್ಲಿ ಖಾರ ಎಷ್ಟು ಜಾಸ್ತಿ, ಎಲ್ಲ ಗೊತ್ತಾಯಿತು. ಅಷ್ಟು ಕೆಟ್ಟ ಕನ್ನಡವನ್ನು ಅಷ್ಟು ಹೊಟ್ಟೆ ತುಂಬ ನಾನು ಯಾವತ್ತೂ ಕೇಳಿಲ್ಲ. ಕೊನೆಗೆ ನೀರು ಏರಿತು, ಆ ಹಾಳು ದೋಣಿ ಅಲುಗಾಡಿತು. ಪಾಕ್ ಚಿಕ್ ಕಟ್ಟೆಯ ಅಂಚಿಗೆ ಬಂದು ನನ್ನ ಪಕ್ಕ ನಿಂತು, ಕೈ ಚಾಚಿ "ತಾಲಿ!" ಎಂದು ಶುರು ಮಾಡಿದ.

"ಸ್ವಲ್ಪ ತಾಳಪ್ಪ," ಎಂದೆ. "ನನ್ನ ಮೊಮ್ಮಗಳು ಮಾತಾಡ್ತಿದ್ದಾಳೆ."