ಬಸ್ ಸ್ಟಾಪಿನ ನೋಟೀಸು

ಇಂಗ್ಲೆಂಡಿನ ಲೀಡ್ಸಿನಿಂದ ಒಂದು ಗಂಟೆ ದೂರದ ಈ ಪುಟ್ಟ ಊರಲ್ಲಿ ಬಸ್ಸಿಳಿಯುವವರೆಲ್ಲ ಡ್ರೈವರಿಗೆ "ಥ್ಯಾಂಕ್ಸ್, ಲವ್" ಅನ್ನುತ್ತಾರೆ, ನಮ್ಮಲ್ಲಿ ಮಾತಿಗೊಮ್ಮೆ ಮಾರಾಯ ಅಂದ ಹಾಗೆ. ನಾವು ಬಂದ ಬಸ್ಸಿನ ಮೀಸೆಯ ಡ್ರೈವರನಿಗೂ ಎಲ್ಲರೂ ಲವ್ವೇ. ಬರುವ ದಾರಿಯಲ್ಲೇ ಅವನ ಮೂಗಿನ ದನಿಯನ್ನು ಕದ್ದುಕೊಂಡಿದ್ದೆ. ನನ್ನ ಸ್ವಂತ ದನಿ ಗಿರಾಕಿಯಿಲ್ಲದ ಅಂಗಡಿ. ಬೇರೆಯವರ ಸರಕು ತಂದೇ ವ್ಯಾಪಾರ ನಡೆಸುತ್ತೇನೆ.

ಹಿಂತಿರುಗುವಾಗ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಕಂಬಕ್ಕೆ ಹೊಸ ನೋಟೀಸು ಅಂಟಿಸಿದ್ದರು.

"ಕನ್ನಡಕ ಮನೇಲೇ ಬಿಟ್ಟು ಬಂದೆ, ಲವ್. ಸ್ವಲ್ಪ ಓದ್ತೀಯಾ?"

ಅವರು ದಿನಾ ಇದೇ ಬಸ್ಸಲ್ಲಿ ಪಕ್ಕದ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮಿಗೆ ಹೋಗಿ ಗಂಡನಿಗೆ ಊಟ ಮಾಡಿಸಿ ಬರುತ್ತಾರಂತೆ. ಬೇರೆ ಯಾರು ತಿನ್ನಿಸಿದರೂ ಆತ ಬಾಯಿ ತೆರೆಯುವುದಿಲ್ಲವಂತೆ.

ನಾನು ಗಂಟಲು ಸರಿಮಾಡಿಕೊಂಡೆ.

"ಮತ್ತ ಶುರು ಆತ್ ನೋಡಲೇ ನಿನ್ನ ನಾಟಕ," ಎಂದ ಜೊತೆಗಿದ್ದ ಧಾರವಾಡದ ಗೆಳೆಯ ಬಸು.

"ಪ್ರಿಯ ಪ್ರಯಾಣಿಕರೇ," ಎಂದು ಡ್ರೈವರನ ಹಾಗೆ ಮೂಗಿನಲ್ಲಿ ಎಳೆದೆ. ಅಜ್ಜಿ ನಗತೊಡಗಿದರು. ಆ ಹುರುಪಿನಲ್ಲಿ ಮುಂದಿನ ಸಾಲಿನಲ್ಲಿ ಏನಿದೆ ಎಂದು ನೋಡದೆ ಓದಿಬಿಟ್ಟೆ: "ಈ ಶನಿವಾರದ ನಂತರ ಈ ಬಸ್ಸು ಇರುವುದಿಲ್ಲ, ಲವ್."

ನೋಟೀಸಿನಲ್ಲಿ ಇಲ್ಲದ್ದು ಆ ಲವ್ ಒಂದೇ.

"ಥೇಟ್ ಅವನೇ!" ಅಜ್ಜಿ ಕಣ್ಣೊರೆಸಿಕೊಂಡರು. "ಬಸ್ಸಿಲ್ಲ ಅಂತ ನೀನೇ ಸೇರಿಸಿದ್ದು ತಾನೆ, ತುಂಟ?"

ಬಸು ನೆಲ ನೋಡಿದ. ಅವರ ನಗು ನಿಧಾನವಾಗಿ ನಿಂತಿತು. ಮಡಿಲಲ್ಲಿದ್ದ ಊಟದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಈಗ ನಿನ್ನ ದನೀಲಿ ಓದು, ಲವ್."

ಓದಿದೆ. ನನ್ನ ದನಿಯಲ್ಲೂ ಶನಿವಾರವೇ ಬಂತು.