ಹಿಟ್ಟು ಹಚ್ಚಿದ ಕಲ್ಲು

ಐವತ್ತರ ದಶಕದ ಕೊನೆಗೆ ನಾನು ನನ್ನೂರು ಇನ್ನಂಜೆಯಲ್ಲೇ ಟೀಚರಾಗಿದ್ದೆ. ರಜೆ ಸಿಕ್ಕರೆ ಉಳಿದವರು ನೆಂಟರ ಮನೆಗೆ ಹೋಗುತ್ತಿದ್ದರು. ನಾನು ಹಳೆಯ ಕಲ್ಲು ಹುಡುಕಿಕೊಂಡು ಗದ್ದೆಯ ಬದುಗಳಲ್ಲಿ ಅಲೆಯುತ್ತಿದ್ದೆ. ಊರಿನ ಹಿಂದಿನ ಕಥೆಯನ್ನು ಬರೆದಿಡಬೇಕೆಂಬ ಹುಚ್ಚು. ಮದುವೆಯಾಗದ ಹೆಂಗಸಿಗೆ ಹೊತ್ತು ಹೋಗಬೇಡವೇ ಎಂದು ಜನ ನನ್ನೆದುರೇ ಆಡಿಕೊಳ್ಳುತ್ತಿದ್ದರು. ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ ಎಂದರೆ ಸುಳ್ಳಾದೀತು.

ಕೆರೆಯ ದಡದಲ್ಲಿ ಬಟ್ಟೆ ಒಗೆಯುವ ಕಲ್ಲೊಂದು ಅರ್ಧ ಹೂತುಕೊಂಡು ನಿಂತಿತ್ತು. ಒಂದು ಭಾನುವಾರ ಅದರ ಪಾಚಿ ಕೆರೆದಾಗ ಬೆರಳಿಗೆ ಅಕ್ಷರ ಸಿಕ್ಕಿತು. ಸವೆದ ಬರಹ ಓದಲು ಅಕ್ಕಿಹಿಟ್ಟು ಉಜ್ಜುವುದು ನನ್ನ ಕ್ರಮ; ಹಿಟ್ಟು ಗೀರುಗಳಲ್ಲಿ ನಿಂತು ಅಕ್ಷರ ಬೆಳ್ಳಗೆ ಏಳುತ್ತದೆ. ಮೊಣಕಾಲೂರಿ ಓದಿದೆ. ಆ ಕೆರೆಯನ್ನು ತೋಡಿಸಿದ್ದು ಒಬ್ಬ ಹೆಂಗಸು! ಆದರೆ ಹೆಸರು ಬರಬೇಕಾದ ಸಾಲು ಮಣ್ಣಿನೊಳಗಿತ್ತು. ಕತ್ತಲಾಗುತ್ತಿತ್ತು, ಮುಂದಿನ ವಾರ ಹಾರೆ ತಂದು ಅಗೆಯೋಣವೆಂದು ಮನೆಗೆ ಬಂದೆ. ಆ ವಾರವಿಡೀ ನನ್ನ ಜೊತೆ ಯಾರೋ ಇದ್ದ ಹಾಗಿತ್ತು.

ಭಾನುವಾರ ಹೋಗಿ ನೋಡಿದರೆ ಕಲ್ಲಿಗೆ ಅರಸಿನ, ತಲೆಯ ಮೇಲೆ ಕೇಪಳದ ಹೂ. ಸುತ್ತ ಕೆಂಪುಕಲ್ಲಿನ ಕಟ್ಟೆ ಏಳುತ್ತಿತ್ತು. ಪಕ್ಕದ ಮನೆಯ ಅಜ್ಜಿ ಓಡೋಡಿ ಬಂದರು.

"ನೀವು ಮೊಣಕಾಲೂರಿ ಹಿಟ್ಟು ಹಚ್ಚಿದ್ದು ನಾನು ಕಂಡಿದ್ದೇನೆ ಅಲ್ವಾ ಟೀಚರೇ! ಕಲಿತವರು ಸುಮ್ಮನೆ ಪೂಜೆ ಮಾಡ್ತಾರಾ? ದೈವದ ಕಲ್ಲಿನ ಮೇಲೆ ಇಷ್ಟು ವರ್ಷ ಬಟ್ಟೆ ಒಗೆದೆವಲ್ಲ!"

"ಪೂಜೆ ಅಲ್ಲ ಅಜ್ಜಿ, ಓದಿದ್ದು. ಅಡಿಯಲ್ಲಿ ಒಂದು ಹೆಸರು ಉಂಟು. ಒಮ್ಮೆ ಅಗೆದು ನೋಡಿ ಮುಚ್ಚಿಬಿಡುತ್ತೇನೆ."

"ಎಂತ ಮಾತಾಡ್ತೀರಿ! ಇನ್ನು ಅದನ್ನು ಮುಟ್ಟಲಿಕ್ಕೆ ಉಂಟಾ?"

ಸಿಟ್ಟು ನೆತ್ತಿಗೇರಿತು. ಕೆಲಸ ಮಾಡುತ್ತಿದ್ದವರನ್ನೂ ಕೇಳಿ ನೋಡಿದೆ. ಅಜ್ಜಿ ಹೇಳಿದ್ದೇ ಸರಿ ಎಂದು ಅವರು ಮತ್ತೆ ಕೆಂಪುಕಲ್ಲು ಜೋಡಿಸತೊಡಗಿದರು. ಕಲ್ಲು ಉಳಿಯಿತಲ್ಲ, ಅಷ್ಟೇ ಸಾಕು ಎಂದು ಸಮಾಧಾನ ಮಾಡಿಕೊಳ್ಳಬೇಕಿತ್ತು. ಆಗಲಿಲ್ಲ. ಮನೆಗೆ ಬಂದು ಹಾರೆಯನ್ನು ಕೊಟ್ಟಿಗೆಗೆ ಎಸೆದು ಅತ್ತೆ.

ಕಟ್ಟೆ ಮುಗಿದ ಮೇಲೆ ಪೂಜೆಗೆ ನನ್ನನ್ನೇ ಮೊದಲು ಕರೆದರು. ಕಲ್ಲನ್ನು ಗುರುತಿಸಿದವಳು ನಾನಂತೆ. ಕೈಯಲ್ಲಿ ಹೂ ಹಿಡಿದಿದ್ದ ಹಿರಿಯರು, "ಯಾರ ಹೆಸರಿನಲ್ಲಿ ಪ್ರಾರ್ಥನೆ ಮಾಡಬೇಕು ಟೀಚರೇ?" ಎಂದು ಕೇಳಿದರು.

"ಹೆಸರು ನಿಮ್ಮ ಕಟ್ಟೆಯ ಅಡಿಯಲ್ಲಿ ಉಂಟು" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನನ್ನ ಹೆಸರನ್ನೇ ಹೇಳಿ ಹೂ ಹಾಕಿದರು.