ಮಜ್ಲಿಸ್‌ನ ದಕ್ಷಿಣ ಬಾಗಿಲು

ಇಂಥ ಕಥೆ ಹೇಳಲು ಯಾರಾದರೂ ಕೂತರೆ ಮೊದಲು ಎದ್ದು ಹೋಗುತ್ತಿದ್ದವಳು ನಾನು. ಗಾಳಿ, ಸೋಂಕು ಎಂಬ ಮಾತು ಬಂದರೆ ಮುಖಕ್ಕೆ ಹೊಡೆದ ಹಾಗೆ ನಗುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ, ನಗುವವರು ನಗಲಿ. ನಂಬಿ ಎಂದು ನಿಮ್ಮನ್ನು ಬೇಡಿಕೊಳ್ಳುವುದಿಲ್ಲ. ಆದರೆ ನಾನು ಹೆದರಿ ಆ ಮನೆ ಬಿಟ್ಟೆ ಎಂದು ನಮ್ಮ ಉಡುಪಿ ಕಡೆಯ ನೆಂಟರೆಲ್ಲ ಮಾತಾಡಿಕೊಳ್ಳುತ್ತಿದ್ದಾರಂತೆ. ಅದು ಶುದ್ಧ ಸುಳ್ಳು, ಅದಕ್ಕಾಗಿಯೇ ಇಷ್ಟು ಬರೆಯಬೇಕಾಯಿತು.

ಮನೆಯ ವಿಷಯ ಮೊದಲು ಹೇಳುತ್ತೇನೆ. ಮದುವೆಯಾಗಿ ಬಂದಾಗ ನಾವು ಇದ್ದದ್ದು ದುಬೈಯ ಅಲ್ ಕುಸೈಸ್‌ನಲ್ಲಿ, ಮತ್ತೊಂದು ಸಂಸಾರದ ಜೊತೆ ಹಂಚಿಕೊಂಡ ಫ್ಲ್ಯಾಟಿನಲ್ಲಿ. ಆಮೇಲೆ ನನ್ನ ಗಂಡನಿಗೆ ಅಬುಧಾಬಿಯಲ್ಲಿ ಕೆಲಸವಾಗಿ ಹಮ್ದಾನ್ ಸ್ಟ್ರೀಟಿಗೆ ಬಂದೆವು. ಅಲ್ಲಿ ಕಿಟಕಿ ತೆರೆದರೆ ಎದುರು ಕಟ್ಟಡದ ಎಸಿಗಳು. ಗೋಡೆಗೆ ಒಂದು ಮೊಳೆ ಹೊಡೆದರೆ ವಾಚ್‌ಮನ್ ಬಂದು ಕೇಳುತ್ತಾನೆ. ಮಕ್ಕಳು ದೊಡ್ಡವರಾಗಿ ಓದಲು ಹೋದರು, ನನ್ನ ಆಯುಷ್ಯವೆಲ್ಲ ಇನ್ನೊಬ್ಬರ ಟೈಲ್ಸಿನ ಮೇಲೆ ನಡೆದೇ ಮುಗಿಯಿತಲ್ಲ ಅನ್ನಿಸತೊಡಗಿತು. ನನಗೆ ನೆಲ ಬೇಕಿತ್ತು. ಬರಿಗಾಲಿಗೆ ತಣ್ಣಗೆ ತಾಗುವ, ನಾನೇ ಹಾಕಿಸಿದ ಕೆಂಪು ಕಾವಿಯ ನೆಲ.

ಬನಿಯಾಸ್ ದಾಟಿ ಅಲ್ ಐನ್ ರಸ್ತೆಯಲ್ಲಿ ಸಾಕಷ್ಟು ದೂರ ಹೋದರೆ ಅರಬರ ಖರ್ಜೂರದ ತೋಟಗಳು ಸಿಗುತ್ತವೆ. ಅಲ್ಲೊಂದು ಹಳೆಯ ತೋಟದ ಮನೆ ಪಾಳು ಬಿದ್ದಿತ್ತು. ಗೇಟು ಮರಳಿನಲ್ಲಿ ಹೂತುಹೋಗಿತ್ತು, ಚಾವಣಿ ಕುಸಿದಿತ್ತು, ಒಳಗೆಲ್ಲ ಪಾರಿವಾಳದ ಹಿಕ್ಕೆ. ಯಜಮಾನರು ನನ್ನ ಗಂಡನ ಆಫೀಸಿನ ಪರಿಚಯದ ಹಿರಿಯ ಅರಬರು. ಎಲ್ಲರೂ ಅವರನ್ನು ಅರ್ಬಾಬ್, ಅಂದರೆ ಧಣಿ, ಅನ್ನುತ್ತಿದ್ದರು. ಹಿಂದಿ ಚೆನ್ನಾಗಿ ಬರುತ್ತಿತ್ತು. ನಮ್ಮಂಥವರು ಅಲ್ಲಿ ತೋಟ ಕೊಳ್ಳುವ ಮಾತೆಲ್ಲಿ? ಲೀಸಿಗೆ ಕೇಳಿದೆವು. "ಆ ಹಾಳುಮನೆ ನಿಮಗೆ ಯಾಕೆ?" ಎಂದರು, ಆಮೇಲೆ ಕೀ ಕೊಟ್ಟರು.

ನಮ್ಮದಲ್ಲದ ಮನೆಗೆ ಚಾವಣಿ ಹೊದಿಸುವ ಹುಚ್ಚಿ ಎಂದು ನನ್ನನ್ನು ಆಡಿಕೊಳ್ಳದವರಿಲ್ಲ. ಆಡಿಕೊಳ್ಳಲಿ. ಊರಲ್ಲಿ ಸ್ವಂತ ಮನೆ ಕಟ್ಟಿಸಿ ಬೀಗ ಹಾಕಿ ಇಲ್ಲಿ ಕೂತಿದ್ದಾರಲ್ಲ, ಅವರಿಗಿಂತ ನಾನೇನು ಹುಚ್ಚಿ? ನನ್ನ ಗಂಡ ಮಾತ್ರ ಒಂದು ಷರತ್ತು ಹಾಕಿದರು. "ನೋಡು, ಮಾಡು. ಆದ್ರೆ ಒಂದೇ ಒಂದು ಕೆಟ್ಟದು ಆಯ್ತು ಅಂತಾದ್ರೆ ಕೀ ವಾಪಸ್. ಮತ್ತೆ ಮಾತಿಲ್ಲ." ಒಪ್ಪಿಕೊಂಡೆ. ಕೆಟ್ಟದ್ದು ಏನಾಗಲು ಸಾಧ್ಯ ಎಂಬ ಧೈರ್ಯ ನನ್ನದು.

ಅಡ್ಡಿ ಬಂದದ್ದು ಉಡುಪಿಯಿಂದ. ಗಂಡನ ಅಣ್ಣ, ನನ್ನ ದೊಡ್ಡ ಭಾವ, ವಿಡಿಯೋ ಕಾಲಿನಲ್ಲಿ ಮನೆಯನ್ನೆಲ್ಲ ಸುತ್ತಿ ನೋಡಿದರು. ಮನೆಗೆ ಹೊಂದಿಕೊಂಡೇ ಅತಿಥಿಗಳ ಕೋಣೆ, ಅಂದರೆ ಮಜ್ಲಿಸ್. ಅದಕ್ಕೆ ದಕ್ಷಿಣಕ್ಕೊಂದು ಬಾಗಿಲು, ಪೂರ್ವಕ್ಕೊಂದು; ಮೂಲೆಯಲ್ಲಿ ಹಿಂದಿನವರು ಅತಿಥಿಗಳಿಗೆ ಕಾಫಿ ಕಾಯಿಸುತ್ತಿದ್ದ ಒಲೆ. ಭಾವ ಹೌಹಾರಿದರು. "ದಕ್ಷಿಣದ ಬಾಗಿಲಾ! ಯಮನ ದಿಕ್ಕು ಅದು. ಅದನ್ನು ಮುಚ್ಚಿಸದೆ ಒಂದು ಕಲ್ಲು ಕೂಡಾ ಇಡ್ಬೇಡಿ." ಮರಳುಗಾಡಿನ ಅರಬರ ಮನೆಗೆ ನಮ್ಮ ವಾಸ್ತು! ನಾನು ವಾದಿಸಿದೆ. ಗಂಡ ಮುಖ ಸಣ್ಣದು ಮಾಡಿಕೊಂಡರು. ಹಾಳಾಗಿ ಹೋಗಲಿ, ಒಂದು ಬಾಗಿಲು ಮುಚ್ಚಿದರೆ ಉಳಿದ ಮನೆ ನನ್ನದಾಗುತ್ತದಲ್ಲ ಎಂದುಕೊಂಡು ಹೂಂ ಅಂದೆ. ಪುತ್ತೂರು ಕಡೆಯ ಮೇಸ್ತ್ರಿ ಖಾದರ್ ಆ ಬಾಗಿಲಿಗೆ ಬ್ಲಾಕ್ ಕಟ್ಟಿ, ಎರಡೂ ಬದಿ ಸಿಮೆಂಟ್ ಗಿಲಾಯಿ ಮಾಡಿದ. ಅಲ್ಲೊಂದು ಬಾಗಿಲಿತ್ತು ಎಂದು ಹೇಳಿದರೂ ಗೊತ್ತಾಗುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಮಜ್ಲಿಸ್‌ನ ನೆಲ. ಅದೊಂದು ಚಳಿಗಾಲದ ಶನಿವಾರ. ಖಾದರ್ ಬೆಳಗಿನ ನಮಾಜು ಮುಗಿಸಿದವನೇ ಕೆಲಸಕ್ಕೆ ಇಳಿದ. ದೂರದ ಗೋಡೆಯಿಂದ ಕಾವಿ ಎಳೆಯುತ್ತ, ಹಿಂದೆ ಹಿಂದೆ ಸರಿಯುತ್ತ, ಪೂರ್ವದ ಬಾಗಿಲಿಗೆ ಬಂದು ಮುಗಿಸಿದ. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನಗೆ ಅಳುವೇ ಬಂತು. "ಅಕ್ಕ, ಬೆಕ್ಕು ಗಿಕ್ಕು ಬಾರದ ಹಾಗೆ ನೋಡಿಕೊಳ್ಳಿ, ಹೆಜ್ಜೆ ಬಿದ್ರೆ ಕೂತೇ ಹೋಗ್ತದೆ" ಎಂದು ಹೇಳಿ ಅವನು ನನ್ನ ಗಂಡನ ಜೊತೆ ಚಹಾ, ತಿಂಡಿ ತರಲು ಪೆಟ್ರೋಲ್ ಪಂಪಿನ ಕಡೆಗೆ ಹೋದ. ಅವರು ಹೋದದ್ದೇ ತಡ, ಮಂಜು ಇಳಿಯಿತು. ಇಲ್ಲಿಯ ಚಳಿಗಾಲದ ಮಂಜು ನೋಡಿದವರಿಗೆ ಗೊತ್ತು, ಕೈ ಚಾಚಿದರೆ ಕೈಯೇ ಕಾಣುವುದಿಲ್ಲ. ಕಾರು ಹೊರಡಿಸಲು ಆಗುತ್ತಿಲ್ಲ, ಕಾಯುತ್ತಿದ್ದೇವೆ ಎಂದು ಇವರ ಫೋನ್ ಬಂತು.

ನಾನು ಪ್ಲಾಸ್ಟಿಕ್ ಕುರ್ಚಿಯನ್ನು ಬಾಗಿಲಿಗೆ ಅಡ್ಡ ಹಾಕಿ, ಹೊರಗೆ ಮುಖ ಮಾಡಿ ಕೂತೆ. ಕೋಣೆಗೆ ಈಗ ಉಳಿದದ್ದು ಆ ಒಂದೇ ಬಾಗಿಲು. ಕಿಟಕಿಗೆ ಸರಳುಗಳಿದ್ದವು. ಸ್ವಲ್ಪ ಹೊತ್ತಿಗೆ ದಕ್ಷಿಣದ ಕಡೆಯಿಂದ ಒಬ್ಬ ಮುದುಕರ ದನಿ ಕೇಳಿಸಿತು. "ಹೂದ್, ಹೂದ್." ಅವಸರವಿಲ್ಲದ, ಸ್ವಲ್ಪ ಒಡೆದ ದನಿ. ಪಕ್ಕದ ತೋಟದ ಯಾರೋ ಮಂಜಿನಲ್ಲಿ ದಾರಿ ತಪ್ಪಿ ಗೋಡೆಯ ಆಚೆ ನಿಂತಿದ್ದಾರೆ ಅಂದುಕೊಂಡೆ. ಮನೆಯ ಹತ್ತಿರ ಯಾರಾದರೂ ಬಂದರೆ ಬನ್ನಿ ಅನ್ನದೆ ಇರಲು ನಮ್ಮ ಕಡೆಯವರಿಗೆ ಬರುವುದಿಲ್ಲ. ನನಗೆ ಗೊತ್ತಿದ್ದ ಅರಬ್ಬಿಯಲ್ಲಿ ಕೂಗಿ ಹೇಳಿದೆ: "ತಫದ್ದಲ್, ತಫದ್ದಲ್!" ಬನ್ನಿ, ದಯಮಾಡಿಸಿ ಎಂದರ್ಥ. ಈ ಕಡೆಯಿಂದ ಸುತ್ತಿ ಬನ್ನಿ ಎಂದು ಹಿಂದಿಯಲ್ಲೂ ಸೇರಿಸಿದೆ. ಯಾರೂ ಬರಲಿಲ್ಲ. ನಾನು ಕುರ್ಚಿ ಬಿಟ್ಟು ಏಳಲಿಲ್ಲ, ನಿದ್ದೆಯನ್ನೂ ಮಾಡಲಿಲ್ಲ. ಇದನ್ನು ಯಾರ ಎದುರು ಬೇಕಾದರೂ ಹೇಳುತ್ತೇನೆ.

ಮಂಜು ತೆಳುವಾದ ಮೇಲೆ ಇವರಿಬ್ಬರೂ ಬಂದರು. ಗಂಡ ಚಹಾದ ಫ್ಲಾಸ್ಕು ಹಿಡಿದುಕೊಂಡು ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಇದೆಂತ ಇದು?" ಅಂದರು.

ತಿರುಗಿ ನೋಡಿದೆ. ಒದ್ದೆ ಕಾವಿಯ ಮೇಲೆ ಬರಿಗಾಲಿನ ಹೆಜ್ಜೆಗಳು. ಮುಚ್ಚಿದ ದಕ್ಷಿಣದ ಬಾಗಿಲಿನಿಂದ ಹೊರಟು, ಆ ಹಳೆಯ ಕಾಫಿ ಒಲೆಯ ಮೂಲೆಯವರೆಗೆ. ಅಗಲ ಪಾದ, ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡಿದ್ದವು. ಮೊದಲನೆಯ ಹೆಜ್ಜೆ ಅರ್ಧವೇ ಇತ್ತು. ಬೆರಳು, ಪಾದದ ಮುಂಭಾಗ ನೆಲದ ಮೇಲೆ. ಹಿಮ್ಮಡಿ ಇರಬೇಕಾದಲ್ಲಿ ಗೋಡೆ. ಮೈಯೆಲ್ಲ ತಣ್ಣಗಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಮೈ ತಣ್ಣಗಾಗುವುದು ಬೇರೆ, ಹೆದರಿ ಓಡುವುದು ಬೇರೆ.

ಖಾದರ್ ತನ್ನ ಕಾಲು ನೋಡಿಕೊಂಡ, ನಾವೂ ನಮ್ಮ ನಮ್ಮ ಕಾಲು ನೋಡಿಕೊಂಡೆವು. ಮೂವರದ್ದೂ ಅಲ್ಲ. ಅರ್ಬಾಬ್‌ಗೆ ಫೋನ್ ಮಾಡಿದೆವು, ಸಂಜೆ ಬಂದರು. ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ನಾನು ಕೇಳಿದ ದನಿಯ ಬಗ್ಗೆ ಹೇಳಿದೆ. "ನಮ್ಮ ಹಿರಿಯರು ಇನ್ನೊಬ್ಬರ ಮನೆಗೆ ಬಂದರೆ ಹೂದ್ ಎಂದು ಕೂಗಿ ಒಳಗೆ ಬರಲು ಅಪ್ಪಣೆ ಕೇಳುತ್ತಿದ್ದರು, ಈಗಿನ ಹುಡುಗರಿಗೆ ಆ ಮಾತೇ ಗೊತ್ತಿಲ್ಲ" ಎಂದರು ಅರ್ಬಾಬ್. ಆಮೇಲೆ ಗೋಡೆ ತೋರಿಸಿ, "ಅಲ್ಲೊಂದು ಬಾಗಿಲಿತ್ತಲ್ಲ? ನನ್ನ ತಂದೆ ಅದನ್ನು ಹಗಲು ಹೊತ್ತು ಮುಚ್ಚಿದ್ದು ನಾನು ನೋಡಿಲ್ಲ" ಎಂದರು. ಅಷ್ಟೇ. ಹೋಗುವಾಗ, "ಯಾರೋ ಕೂಲಿಯವನು ನಡೆದಿರಬೇಕು. ಮೇಲೊಂದು ಸಲ ಸಿಮೆಂಟ್ ಹಾಕಿಸಿ, ಖಲಾಸ್" ಎಂದು ನಕ್ಕರು. ನಗುವಾಗ ಅವರು ನನ್ನ ಮುಖ ನೋಡಲಿಲ್ಲ.

ಗಂಡ ಕೀಗಾಗಿ ಕೈ ಚಾಚಿದರು. ಇವರಿಂದ ಸುದ್ದಿ ತಿಳಿದು ಉಡುಪಿಯಲ್ಲಿ ಭಾವ ಆಗಲೇ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ, ಆ ಜಾಗ ಕೂಡಲೇ ಬಿಡಬೇಕು ಎಂದು ಉತ್ತರ ತರಿಸಿಕೊಂಡಿದ್ದರು. "ನೀನು ಮಾತು ಕೊಟ್ಟಿದ್ದೆ" ಎಂದರು ಇವರು.

"ಕೆಟ್ಟದು ಆದ್ರೆ ಅಂತ ಹೇಳಿದ್ದು ನೀವು. ಕೆಟ್ಟದು ಎಂತ ಆಯ್ತು, ಹೇಳಿ? ಯಾರಿಗೆ ಜ್ವರ ಬಂತು? ಯಾರ ಕೈಕಾಲು ಮುರೀತು?"

ಅವರು ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡರು. ಕೀಯನ್ನು ಸೊಂಟಕ್ಕೆ ಸಿಕ್ಕಿಸಿ, ಖಾದರನ ಸುತ್ತಿಗೆ ತೆಗೆದುಕೊಂಡು ಹೊರಗಿನಿಂದ ದಕ್ಷಿಣದ ಗೋಡೆಗೆ ನಾನೇ ಹೊಡೆಯತೊಡಗಿದೆ. ಖಾದರ್ ಬೇಡ ಅಕ್ಕ ಅನ್ನುತ್ತಲೇ ಕೊನೆಗೆ ಕೈ ಜೋಡಿಸಿದ. ಕೆಳಗಿನ ಬ್ಲಾಕ್ ತೆಗೆಯುವಾಗ ನಾನು ಮೊಣಕಾಲೂರಿ ಕೂತೆ. ಆ ಅರ್ಧ ಹೆಜ್ಜೆಯ ಹಿಮ್ಮಡಿ ಅಲ್ಲಿ ಇರಬಹುದೇ ಎಂದು ಹುಡುಕಿದೆ. ಇರಲಿಲ್ಲ. ಹಳೆಯ ಒಣ ಹೊಸ್ತಿಲು, ಒಂದಿಷ್ಟು ಮರಳು. ಇವತ್ತಿಗೂ ನನಗೆ ಅದರ ಲೆಕ್ಕ ಸಿಕ್ಕಿಲ್ಲ. ವಿವರಿಸಲು ಬಂದವರ ಮಾತನ್ನೆಲ್ಲ ಕೇಳಿದ್ದೇನೆ, ಒಂದೂ ಆ ಹೆಜ್ಜೆಗೆ ಹೊಂದುವುದಿಲ್ಲ.

ನೆಲವನ್ನು ಮತ್ತೆ ಮಾಡಿಸಲಿಲ್ಲ. ಬಾಗಿಲು ತೆರೆದೇ ಇದೆ. ರಜೆ ಸಿಕ್ಕಾಗೆಲ್ಲ ಹೋಗುತ್ತೇವೆ, ಬರಿಗಾಲಿನಲ್ಲಿ ಓಡಾಡುತ್ತೇನೆ, ಗುಡಿಸುವಾಗ ಆ ಹೆಜ್ಜೆಗಳಲ್ಲಿ ನಿಂತ ಧೂಳನ್ನೂ ಒರೆಸುತ್ತೇನೆ. ಗಂಡ ಮಾತ್ರ ಮೊನ್ನೆ ಮೊನ್ನೆ, ಆ ಮೂಲೆಯ ಕಡೆ ನೋಡುತ್ತ, ಮೆಲ್ಲಗೆ ಕೇಳಿದರು. "ಒಳಗೆ ಬಂದ ಹೆಜ್ಜೆ ಉಂಟು. ಹೊರಗೆ ಹೋದದ್ದು ಒಂದೂ ಇಲ್ಲ. ನೀನು ಗಮನಿಸಿದ್ದೀಯಾ?"

ಗಮನಿಸದೆ ಉಂಟೇ? ಮೊದಲ ದಿನವೇ ಗಮನಿಸಿದ್ದೆ.

"ಇರಲಿ ಮಾರಾಯ್ರೆ" ಅಂದೆ. "ಬನ್ನಿ ಅಂತ ಕರ್ದದ್ದು ನಾನಲ್ವಾ? ನಾವು ಕರ್ದವರಿಗೆ ಎದ್ದು ಹೋಗಿ ಅಂತ ಹೇಳ್ಲಿಕ್ಕೆ ಆಗ್ತದಾ?"